ಕಪಾಟಿನ ಕನ್ನಡ ಪುಸ್ತಕ ಎಲ್ಲರ ಪರದೆಗೆ: ಹಕ್ಕು ನೋಡುವುದರಿಂದ ಕರಡು ತಿದ್ದುವವರೆಗೆ

ಹಳೆಯ ಕನ್ನಡ ಪುಸ್ತಕಗಳು ಜಾಲದಲ್ಲಿ ಕಡಿಮೆಯೇನಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಸಾವಿರಾರು ಪುಸ್ತಕಗಳ ಪ್ರತಿ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಆದರೂ ಅವುಗಳಲ್ಲಿ ಬಹುಪಾಲು ಇದ್ದೂ ಇಲ್ಲದಂತೆ. ಪುಸ್ತಕದ ಹೆಸರನ್ನು ಯಾರೋ ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದಂತೆ ಟೈಪು ಮಾಡಿದ್ದಾರೆ, ಒಳಗಿರುವುದು ಬರೀ ಚಿತ್ರ, ಹುಡುಕಿದರೆ ಒಂದು ಪದವೂ ಸಿಗದು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು: ಹಕ್ಕು ಯಾರದೆಂದು ನೋಡದೆ ಏರಿಸಿದ ಪುಸ್ತಕ, ತಕರಾರು ಬಂದ ದಿನ ಮಾಯವಾಗುತ್ತದೆ. ಆ ಯೋಜನೆಯ ಮೂಲ ತಾಣವೇ ಹಕ್ಕುಸ್ವಾಮ್ಯದ ತಕರಾರಿನಿಂದ ಬಾಗಿಲು ಹಾಕಿತು.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸ್ಕ್ಯಾನರ್ ಬರುವುದು ಅರ್ಧ ದಾರಿ ಕಳೆದ ಮೇಲೆ. ಒಂದು ಪುಸ್ತಕವನ್ನು ಕಾನೂನಿಗೆ ಒಗ್ಗುವಂತೆ, ಹುಡುಕಲು ಬರುವಂತೆ, ಯಾರು ಬೇಕಾದರೂ ಮರುಬಳಸುವಂತೆ ವಿಕಿಸೋರ್ಸ್‌ಗೆ, ಅಂದರೆ ಸ್ವಯಂಸೇವಕರು ಪುಸ್ತಕಗಳ ಪಠ್ಯ ತಿದ್ದಿ ಎಲ್ಲರಿಗೂ ತೆರೆದಿಡುವ ಜಾಲತಾಣಕ್ಕೆ, ತಲುಪಿಸುವ ಕೆಲಸದಲ್ಲಿ ಎಡವುವ ಜಾಗಗಳು ಹೆಚ್ಚಾಗಿ ಮೊದಲಲ್ಲೂ ಕೊನೆಯಲ್ಲೂ ಇವೆ. ಫೋಟೊ ತೆಗೆಯುವ ನಡುವಿನ ಕೆಲಸ ಸುಲಭ.

ಮೊದಲು ಒಳಪುಟದ ಹಿಂಬದಿ

ಪುಸ್ತಕ ಕೈಗೆ ಬಂದಾಗ ಮೊದಲು ತೆರೆಯಬೇಕಾದ್ದು ಶೀರ್ಷಿಕೆ ಪುಟದ ಹಿಂಬದಿ. ಪ್ರಥಮ ಮುದ್ರಣದ ವರ್ಷ, ಪ್ರಕಾಶಕರು, ಮುದ್ರಣಾಲಯ, 'ಹಕ್ಕುಗಳು' ಎಂಬ ಸಾಲು, ಮುಖಪುಟ ಬರೆದವರ ಹೆಸರು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ಲೇಖಕರು ತೀರಿಕೊಂಡ ವರ್ಷವನ್ನು ಹುಡುಕಿ.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಜೀವಿತಾವಧಿಯಲ್ಲೂ ಅವರು ತೀರಿಕೊಂಡ ಮೇಲೆ 60 ವರ್ಷವೂ ಹಕ್ಕು ಉಳಿಯುತ್ತದೆ. ಎಣಿಕೆ ಶುರುವಾಗುವುದು ನಿಧನದ ದಿನದಿಂದ ಅಲ್ಲ, ಮರುವರ್ಷದ ಜನವರಿ 1ರಿಂದ. ಸುಲಭದ ಲೆಕ್ಕ: ನಿಧನದ ವರ್ಷಕ್ಕೆ 61 ಕೂಡಿಸಿ, ಬಂದ ವರ್ಷದ ಜನವರಿ 1ಕ್ಕೆ ಕೃತಿ ಎಲ್ಲರದು. ಬಿ.ಎಂ. ಶ್ರೀಕಂಠಯ್ಯ ತೀರಿಕೊಂಡದ್ದು 1946ರಲ್ಲಿ, ಅವರ ಬರಹ ಮುಕ್ತವಾದದ್ದು 2007ಕ್ಕೆ. ಮಂಜೇಶ್ವರ ಗೋವಿಂದ ಪೈ 1963, ಹಾಗಾಗಿ 2024. ಆಲೂರು ವೆಂಕಟರಾಯರು 1964, ಅಂದರೆ 2025. ಡಿವಿಜಿಯವರದಕ್ಕೆ 2036ರವರೆಗೆ ಕಾಯಬೇಕು, ಬೇಂದ್ರೆಯವರದಕ್ಕೆ 2042, ಕುವೆಂಪು ಅವರದಕ್ಕೆ 2055.

ಲೆಕ್ಕ ತಪ್ಪುವ ಜಾಗಗಳು ಇವು. ಇಬ್ಬರು ಸೇರಿ ಬರೆದ ಪುಸ್ತಕವಾದರೆ ಕೊನೆಗೆ ತೀರಿಕೊಂಡವರ ವರ್ಷವನ್ನೇ ಹಿಡಿಯಬೇಕು. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿಗೆ ಅಚ್ಚಾದ ಹಸ್ತಪ್ರತಿಗೆ ಪ್ರಕಟವಾದ ವರ್ಷದಿಂದ 60. ಸರ್ಕಾರದ ಪ್ರಕಟಣೆಗಳಿಗೂ ಪ್ರಕಟವಾದ ವರ್ಷದಿಂದಲೇ 60. ಸರ್ಕಾರಿ ಪುಸ್ತಕ ಎಂದಾಕ್ಷಣ ಎಲ್ಲರದೂ ಎಂದುಕೊಳ್ಳುವುದು ತಪ್ಪು. ಕಾವ್ಯನಾಮದಲ್ಲಿ ಬರೆದರೂ ಬರೆದವರು ಯಾರೆಂದು ಲೋಕಕ್ಕೆ ಗೊತ್ತಿದ್ದರೆ ಅವರ ನಿಧನದ ವರ್ಷವೇ ಲೆಕ್ಕ. 'ಅಂಬಿಕಾತನಯದತ್ತ' ಎಂಬುದು ಈ ಲೆಕ್ಕದಲ್ಲಿ ಅನಾಮಧೇಯವಲ್ಲ.

ಅನುವಾದವಾದರೆ ಎರಡು ಹಕ್ಕು. ಮೂಲ ಲೇಖಕರದು ಮುಗಿದಿರಬಹುದು, ಅನುವಾದಕರದು ಉಳಿದಿರಬಹುದು. ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಜನ ಇದೇ ರೀತಿ ಎಡವುತ್ತಾರೆ. ಕುಮಾರವ್ಯಾಸನ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ, ಆದರೆ 1970ರಲ್ಲಿ ಅಚ್ಚಾದ ಆವೃತ್ತಿಯ ಮುನ್ನುಡಿ, ಗದ್ಯಾನುವಾದ, ಟಿಪ್ಪಣಿ ಸಂಪಾದಕರವು. ಅಂಥ ಪುಸ್ತಕದಿಂದ ಮೂಲ ಪದ್ಯವನ್ನಷ್ಟೇ ತೆಗೆದುಕೊಳ್ಳಬಹುದು, ಇಡೀ ಪುಸ್ತಕದ ಸ್ಕ್ಯಾನನ್ನು ಏರಿಸುವಂತಿಲ್ಲ. ಮುನ್ನುಡಿಯ ಮಾತು ಬೇರೆ ಪುಸ್ತಕಗಳಿಗೂ ಸಲ್ಲುತ್ತದೆ: ಲೇಖಕರು 1950ರಲ್ಲಿ ತೀರಿಕೊಂಡಿದ್ದಾರೆ, ಮುನ್ನುಡಿ ಬರೆದವರು 1990ರಲ್ಲಿ. ಆಗ ಮುನ್ನುಡಿಯ ಪುಟಗಳನ್ನೂ ಮುಖಪುಟದ ಚಿತ್ರವನ್ನೂ ಬಿಳಿ ಮಾಡಿ ಉಳಿದುದನ್ನು ಏರಿಸಿ. ಪುಟ ಕಿತ್ತುಹಾಕಬೇಡಿ, ಬಿಳಿ ಮಾಡಿ. ಕಾರಣ ಮುಂದೆ ಬರುತ್ತದೆ.

'ಪ್ರತಿ ಎಲ್ಲೂ ಸಿಗುವುದಿಲ್ಲ, ಆದ್ದರಿಂದ ಹಾಕಬಹುದು' ಎನ್ನುವ ವಾದ ಕಾನೂನಿನಲ್ಲಿ ನಿಲ್ಲುವುದಿಲ್ಲ. 'ಹಕ್ಕು ನೋಂದಣಿಯೇ ಆಗಿಲ್ಲ' ಎನ್ನುವುದೂ ನಿಲ್ಲದು. ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ವಾರಸುದಾರರೇ ಪತ್ತೆಯಿಲ್ಲದ ಪುಸ್ತಕಕ್ಕೆ ಕಾಯಿದೆಯ 31ಎ ಕಲಂನಡಿ ಪರವಾನಗಿ ಕೇಳುವ ದಾರಿಯೇನೋ ಇದೆ. ಪತ್ರಿಕೆಯಲ್ಲಿ ಪ್ರಕಟಣೆ, ಅರ್ಜಿ, ವಿಚಾರಣೆ ಎಲ್ಲ ಆಗಬೇಕು, ಒಂದು ಕವನ ಸಂಕಲನಕ್ಕಾಗಿ ಯಾರೂ ಆ ದಾರಿ ಹಿಡಿಯಲಾರರು. ಅಂಥ ಪುಸ್ತಕವನ್ನು ಸ್ಕ್ಯಾನ್ ಮಾಡಿ ನಿಮ್ಮ ಡಿಸ್ಕಿನಲ್ಲೇ ಇಟ್ಟುಕೊಂಡು ಮುಂದಿನದಕ್ಕೆ ಹೋಗುವುದು ಲೇಸು.

ಎರಡು ವಿನಾಯಿತಿ ನೆನಪಿರಲಿ, ಎರಡೂ 2012ರ ತಿದ್ದುಪಡಿಯಲ್ಲಿ ಬಂದವು. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು, ಹಕ್ಕು ಚಾಲ್ತಿಯಲ್ಲಿದ್ದರೂ ಸರಿ. ಅಂಧರಿಗೆ, ಓದಲು ತೊಡಕಿರುವ ಇತರರಿಗೆ ಯಾವುದೇ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ತಂದು ಲಾಭವಿಲ್ಲದೆ ಕೊಡಬಹುದು. ಆದರೆ ಎರಡೂ ಎಲ್ಲರಿಗೂ ತೆರೆದಿಡಲು ಅನುಮತಿಯಲ್ಲ.

ಅಮೆರಿಕದ ಲೆಕ್ಕ ಬೇರೆ

ಇಲ್ಲಿ ಮುಕ್ತವಾದರೆ ಸಾಕಲ್ಲವೇ? ವಿಕಿಸೋರ್ಸ್ ಬಳಸುವ ಸ್ಕ್ಯಾನ್ ಕಡತಗಳನ್ನು ಇಡುವ ತಾಣ ವಿಕಿಮೀಡಿಯ ಕಾಮನ್ಸ್, ಅದಕ್ಕೆ ಸಾಲದು. ಅದರ ಸರ್ವರ್ ಅಮೆರಿಕದಲ್ಲಿದೆ, ಅಲ್ಲಿನ ಕಾನೂನಿನಲ್ಲೂ ಕೃತಿ ಮುಕ್ತವಾಗಿರಬೇಕು ಎಂಬುದು ಅದರ ನಿಯಮ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಕೃತಿಗಳಿಗೆ ಅಮೆರಿಕ ತನ್ನಲ್ಲೂ ಹಕ್ಕು ಕೊಟ್ಟಿತು, ಅದೂ ಪ್ರಕಟವಾದ ವರ್ಷದಿಂದ 95 ವರ್ಷ.

ಇದರಿಂದ ಕೈಯಲ್ಲಿ ಇಟ್ಟುಕೊಳ್ಳಬೇಕಾದ ಲೆಕ್ಕ ಎರಡೇ. ಲೇಖಕರು 1940 ಅಥವಾ ಅದಕ್ಕೂ ಮೊದಲು ತೀರಿಕೊಂಡು, ಪುಸ್ತಕ ಅವರ ಜೀವಿತಕಾಲದಲ್ಲೇ ಅಚ್ಚಾಗಿದ್ದರೆ ಚಿಂತೆಯಿಲ್ಲ. ಅವರ ಹಕ್ಕು ಮುಗಿಯುವಾಗ ಭಾರತದಲ್ಲಿ ಇದ್ದದ್ದು 50 ವರ್ಷದ ಅವಧಿ, 60 ಆದದ್ದು ಆಮೇಲೆ; 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಪುಸ್ತಕಗಳಿಗೆ ಈ ತಾಪತ್ರಯ ತಟ್ಟುವುದಿಲ್ಲ. 1941ರಲ್ಲಿ ಅಥವಾ ಆಮೇಲೆ ತೀರಿಕೊಂಡವರಾದರೆ ಪ್ರಕಟಣೆಯ ವರ್ಷಕ್ಕೆ 96 ಕೂಡಿಸಿ. 1963ರಲ್ಲಿ ತೀರಿಕೊಂಡ ಲೇಖಕರ 1935ರ ಪುಸ್ತಕ ಭಾರತದಲ್ಲಿ 2024ಕ್ಕೇ ಮುಕ್ತ, ಕಾಮನ್ಸ್‌ಗೆ 2031ಕ್ಕೆ. ವರ್ಷಗಟ್ಟಲೆ ಕರಡು ತಿದ್ದಿದ ಪುಸ್ತಕವನ್ನು ಯಾರೋ ಅಳಿಸಲು ಸೂಚಿಸಿದಾಗ ಈ ನಿಯಮ ಮೊದಲ ಬಾರಿ ಕಿವಿಗೆ ಬೀಳುವುದು ಬೇಡ.

ಹಕ್ಕು ಮುಗಿದಿಲ್ಲ, ಮನೆಯವರು ಒಪ್ಪುತ್ತಾರೆ

ಇದು ಹೆಚ್ಚು ಫಲ ಕೊಡುವ ದಾರಿ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು, ಮರುಬಳಕೆಗೆ ಎಲ್ಲರಿಗೂ ಮೊದಲೇ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಯಲ್ಲಿ ಬಿಟ್ಟಿತು. ಅದೇ ವರ್ಷ ನಿರಂಜನ ಅವರ 55 ಪುಸ್ತಕಗಳನ್ನೂ ಹಾಗೇ ತೆರೆದಿಡಲಾಯಿತು. ಇನ್ನೂ ಬದುಕಿರುವ ಲೇಖಕರು, ತೀರಿಕೊಂಡವರ ಮಕ್ಕಳು ಒಪ್ಪಿದರೆ 60 ವರ್ಷ ಕಾಯಬೇಕಿಲ್ಲ.

ಮೊದಲು ನೋಡಬೇಕಾದ್ದು, ಕೊಡಲು ಅವರ ಬಳಿ ಹಕ್ಕು ಇದೆಯೇ ಎಂಬುದನ್ನು. ಪ್ರಕಾಶಕರೊಂದಿಗೆ ಆದ ಒಪ್ಪಂದದ ಕಾಗದವನ್ನು ಕೇಳಿ. ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಮಾತಿನ ಮೇಲೆ ಆದದ್ದು ವರ್ಗಾವಣೆಯಲ್ಲ. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು 'ಸಾವಿರ ಪ್ರತಿ ಹಾಕ್ತೀವಿ, ನಿಮಗೆ ಐವತ್ತು ಪ್ರತಿ' ಎಂಬ ಮಾತಿನ ಮೇಲೆಯೇ ಅಚ್ಚಾಗಿವೆ. ಕಾಗದವಿದ್ದು ಅದರಲ್ಲಿ ಅವಧಿ ಬರೆದಿಲ್ಲದಿದ್ದರೆ 19ನೇ ಕಲಂ ಪ್ರಕಾರ ವರ್ಗಾವಣೆ 5 ವರ್ಷಕ್ಕೆ ಮಾತ್ರ. ಪ್ರಕಾಶಕರು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದ ಬೇರೆ ಹೇಳದ ಹೊರತು, ಅದು ರದ್ದಾದಂತೆ. ಇಲ್ಲೊಂದು ಕೊಕ್ಕೆ ಇದೆ: ಈ ಎರಡೂ ಅನುಕೂಲ 1995ರ ಮೇ 10ಕ್ಕೆ ಮೊದಲಿನ ಒಪ್ಪಂದಗಳಿಗೆ ಸಿಗುವುದಿಲ್ಲ, ಅಂದಿನಿಂದ ಈಚಿನವಕ್ಕೆ ಮಾತ್ರ. ಹಳೆಯ ಕಾಗದದಲ್ಲಿ 'ಶಾಶ್ವತ ಹಕ್ಕು' ಎಂಬ ಪದ ಕಂಡರೆ ಪ್ರಕಾಶಕರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಪತ್ರಿಕೆಗಳಲ್ಲಿ ಬಂದ ಅಂಕಣಗಳ ವಿಚಾರವನ್ನು ಅನೇಕರು ತಪ್ಪು ತಿಳಿದಿದ್ದಾರೆ. ಪತ್ರಿಕೆಯ ನೌಕರರಾಗಿದ್ದವರು ಬರೆದದ್ದರಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಿರುವುದು ಪತ್ರಿಕೆ, ನಿಯತಕಾಲಿಕಗಳಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ. ಉಳಿದದ್ದು ಬರೆದವರದು. ಹೊರಗಿನಿಂದ ಬರೆದವರದಾದರೆ, ಬರೆದುಕೊಟ್ಟಿಲ್ಲದಿದ್ದರೆ, ಪೂರ್ತಿ ಅವರದೇ.

ವಾರಸುದಾರರ ವಿಷಯದಲ್ಲಿ ಸಂಕೋಚ ಬೇಡ, ಎಲ್ಲರನ್ನೂ ಎಣಿಸಿ. ಲೇಖಕರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಯಡಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಪಾಲಿದೆ. ಊರಲ್ಲಿರುವ ಹಿರಿಮಗ ಸಹಿ ಹಾಕಿಕೊಟ್ಟ, ಮದುವೆಯಾಗಿ ಹೊರಗೆ ಹೋದ ಅಕ್ಕತಂಗಿಯರನ್ನು ಯಾರೂ ಕೇಳಲೇ ಇಲ್ಲ ಎಂಬ ಪತ್ರ ಅರ್ಧ ಪತ್ರ. ತಕರಾರು ಬರುವುದೂ ಸಾಮಾನ್ಯವಾಗಿ ಅಲ್ಲಿಂದಲೇ.

ಪರವಾನಗಿಯಲ್ಲಿ ವಿಕಿಸೋರ್ಸ್‌ಗೆ ಒಗ್ಗುವವು ಮೂರು: ಹೆಸರು ಹೇಳಿದರೆ ಸಾಕು ಎನ್ನುವ ಸಿಸಿ ಬೈ, ಹೆಸರು ಹೇಳಿ ಅದೇ ಪರವಾನಗಿಯಲ್ಲಿ ಹಂಚಬೇಕು ಎನ್ನುವ ಸಿಸಿ ಬೈ-ಎಸ್ಎ, ಯಾವ ಷರತ್ತೂ ಇಲ್ಲದ ಸಿಸಿ ಝೀರೋ. 'ವ್ಯಾಪಾರಕ್ಕೆ ಬಳಸಬಾರದು', 'ಬದಲಿಸಬಾರದು' ಎಂಬ ಷರತ್ತಿನವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಮನೆಯವರಿಗೆ ಇದನ್ನು ಮುಚ್ಚಿಡಬೇಡಿ. 'ನಾಳೆ ಯಾರಾದರೂ ಇದನ್ನು ಅಚ್ಚು ಹಾಕಿ ಮಾರಬಹುದಾ?' ಎಂದು ಕೇಳಿದರೆ ಹೌದು ಎಂದೇ ಹೇಳಿ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗದು ಎಂಬುದನ್ನೂ ಹೇಳಿ. ಕೃತಿಯನ್ನು ವಿಕಾರಗೊಳಿಸಿ ಲೇಖಕರ ಮಾನಕ್ಕೆ ಕುಂದು ತಂದರೆ ಪ್ರಶ್ನಿಸುವ ಹಕ್ಕು 57ನೇ ಕಲಂನಲ್ಲಿದೆ ಎಂದು ತಿಳಿಸಿ, ಹೆಚ್ಚಿನವರ ಆತಂಕ ಅದೇ ಆಗಿರುತ್ತದೆ.

ಪತ್ರ ಹೀಗಿರಲಿ:

'ಕೆಳಗೆ ಸಹಿ ಮಾಡಿರುವ ನಾವು (ಲೇಖಕರ ಹೆಸರು) ಅವರ ಕಾನೂನುಬದ್ಧ ವಾರಸುದಾರರೆಲ್ಲರೂ ಆಗಿದ್ದೇವೆ. (ಪುಸ್ತಕದ ಹೆಸರು, ಪ್ರಥಮ ಮುದ್ರಣದ ವರ್ಷ, ಪ್ರಕಾಶಕರು) ಕೃತಿಯ ಪಠ್ಯದ ಹಕ್ಕುಸ್ವಾಮ್ಯ ನಮ್ಮದು. ಇಡೀ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್-ಶೇರ್‌ಅಲೈಕ್ 4.0 ಇಂಟರ್‌ನ್ಯಾಷನಲ್ ಪರವಾನಗಿಯಡಿ ಬಿಡುಗಡೆ ಮಾಡುತ್ತಿದ್ದೇವೆ. ಯಾರು ಬೇಕಾದರೂ, ವ್ಯಾಪಾರದ ಉದ್ದೇಶಕ್ಕೂ ಸೇರಿ, ಇದನ್ನು ನಕಲಿಸಿ, ಹಂಚಿ, ಬದಲಿಸಿ ಬಳಸಬಹುದು ಎಂಬುದೂ ಈ ಅನುಮತಿಯನ್ನು ಹಿಂಪಡೆಯಲಾಗದು ಎಂಬುದೂ ನಮಗೆ ತಿಳಿದಿದೆ. ಮುಖಪುಟದ ಚಿತ್ರ, ಬೆನ್ನುಡಿ, ಮುನ್ನುಡಿ ಇದರಲ್ಲಿ ಸೇರಿಲ್ಲ.'

ಚಿತ್ರ, ಬೆನ್ನುಡಿ, ಮುನ್ನುಡಿಯ ಹಕ್ಕೂ ಸಹಿ ಮಾಡಿದವರದೇ ಆಗಿದ್ದರೆ ಕೊನೆಯ ಸಾಲು ಬದಲಾಗುತ್ತದೆ. 'ವಿಕಿಪೀಡಿಯದಲ್ಲಿ ಬಳಸಲು ಅನುಮತಿ ಇದೆ' ಎಂದಷ್ಟೇ ಬರೆದ ಪತ್ರ ನಡೆಯುವುದಿಲ್ಲ, ಪರವಾನಗಿಯ ಹೆಸರೂ ಆವೃತ್ತಿಯ ಸಂಖ್ಯೆಯೂ ಇರಲೇಬೇಕು. ಪತ್ರವನ್ನು ಹಕ್ಕುದಾರರೇ ತಮ್ಮ ಮಿಂಚಂಚೆಯಿಂದ ಕಾಮನ್ಸ್‌ನ ಅನುಮತಿ ವಿಳಾಸಕ್ಕೆ ಕಳಿಸುವುದು ಒಳ್ಳೆಯದು. ಅದನ್ನು ಸ್ವಯಂಸೇವಕರ ತಂಡ ನೋಡಿ ಕಡತದ ಪುಟದಲ್ಲಿ ಟಿಕೆಟ್ ಸಂಖ್ಯೆ ಹಾಕುತ್ತದೆ. ಉತ್ತರಕ್ಕೆ ವಾರಗಳೇ ಹಿಡಿಯಬಹುದು. ಸಹಿ ಮಾಡಿದ ಮೂಲ ಕಾಗದ ಮನೆಯವರ ಬಳಿಯೂ ಒಂದು, ನಿಮ್ಮ ಬಳಿಯೂ ಒಂದು ಇರಲಿ.

ಫೋಟೊ ತೆಗೆಯುವುದು

ಹಳೆಯ ಪುಸ್ತಕಕ್ಕೆ ಗಾಜಿನ ಮೇಲೆ ಬೋರಲು ಹಾಕುವ ಸ್ಕ್ಯಾನರ್ ಬೇಡ. ಹೊಲಿಗೆ ಬಿಡುತ್ತದೆ, ಬೆನ್ನು ಮುರಿಯುತ್ತದೆ. ಮೇಲಿನಿಂದ ಫೋಟೊ ತೆಗೆಯುವುದೇ ಸರಿ, 12 ಮೆಗಾಪಿಕ್ಸೆಲ್ ಫೋನ್ ಸಾಕು. ಲೆಕ್ಕ ನೋಡಿ: ಕ್ರೌನ್ 1/8 ಪುಸ್ತಕ ತೆರೆದಾಗ ಅಗಲ ಸುಮಾರು 10 ಇಂಚು. ಫೋಟೊದ ಅಗಲ 4000 ಪಿಕ್ಸೆಲ್. ಇಂಚಿಗೆ 400 ಬಂತು. ಡೆಮಿ 1/8ಕ್ಕೆ 11 ಇಂಚು, ಇಂಚಿಗೆ 360ರಷ್ಟು. ಅಕ್ಷರ ಓದುವ ಯಂತ್ರಕ್ಕೆ 300 ಇದ್ದರೆ ನಡೆಯುತ್ತದೆ, ಆದರೆ ಫೋಟೊದ ತುಂಬ ಪುಸ್ತಕವೇ ಇರಬೇಕು. ಸುತ್ತ ಮೇಜು ಕಂಡಷ್ಟೂ ಇಂಚಿನ ಲೆಕ್ಕ ಇಳಿಯುತ್ತದೆ. ಟಿಪ್ಪಣಿಗಳ ಸಣ್ಣಕ್ಷರ ಹೆಚ್ಚಿದ್ದರೆ ಒಂದೊಂದೇ ಪುಟ ತೆಗೆಯಿರಿ.

ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಫ್ಲ್ಯಾಶ್ ಆರಿಸಿ, ಎರಡು ದೀಪಗಳನ್ನು ಎರಡೂ ಬದಿಯಿಂದ ಓರೆಯಾಗಿ ಇಡಿ. ಪುಟದ ಮೇಲೆ 3 ಮಿಲಿಮೀಟರಿನ ಗಾಜಿನ ಹಲಗೆ ಒತ್ತಿದರೆ ಸುರುಳಿ ಏಳುವುದಿಲ್ಲ. ಗಾಜಿನಲ್ಲಿ ಫೋನಿನ ನೆರಳು ಕಂಡರೆ ದೀಪ ಇನ್ನಷ್ಟು ಬದಿಗೆ. ಕಾಗದ ಮುಟ್ಟಿದರೆ ಪುಡಿಯಾಗುವಷ್ಟು ಹಳತಾದರೆ ಪುಸ್ತಕವನ್ನು ಪೂರ್ತಿ ಬಿಚ್ಚಬೇಡಿ, ಎರಡೂ ರಟ್ಟಿನ ಕೆಳಗೆ ಬಟ್ಟೆಯ ಮಡಿಕೆ ಕೊಟ್ಟು ಮೊದಲು ಬಲಪುಟಗಳನ್ನೆಲ್ಲ, ಆಮೇಲೆ ಎಡಪುಟಗಳನ್ನೆಲ್ಲ ತೆಗೆಯಿರಿ. 200 ಪುಟದ ಪುಸ್ತಕ ಒಂದೂವರೆ ಗಂಟೆಯ ಕೆಲಸ.

ರಟ್ಟಿನಿಂದ ರಟ್ಟಿನವರೆಗೆ ಎಲ್ಲವೂ ಬೇಕು: ಖಾಲಿ ಪುಟ, ಜಾಹೀರಾತು, ಕೊನೆಯ ತಪ್ಪು-ಒಪ್ಪುಗಳ ಪಟ್ಟಿ. ಮುಗಿದ ಕೂಡಲೇ, ಪುಸ್ತಕ ಹಿಂದಿರುಗಿಸುವ ಮೊದಲು, ಪುಟಸಂಖ್ಯೆಗಳನ್ನು ಒಂದೊಂದಾಗಿ ಎಣಿಸಿ. ಈ ಒಂದು ಹೆಜ್ಜೆ ಬಿಟ್ಟವರು ಆಮೇಲೆ ಪಡುವ ಪಾಡು ದೊಡ್ಡದು. ವಿಕಿಸೋರ್ಸ್‌ನಲ್ಲಿ ಪ್ರತಿ ಪುಟದ ಪಠ್ಯವೂ ಕಡತದಲ್ಲಿ ಆ ಚಿತ್ರ ಎಷ್ಟನೆಯದು ಎಂಬುದಕ್ಕೆ ಅಂಟಿಕೊಂಡಿರುತ್ತದೆ. 150 ಪುಟ ತಿದ್ದಿದ ಮೇಲೆ 37ನೇ ಪುಟ ಬಿಟ್ಟುಹೋಗಿದೆ ಎಂದು ಗೊತ್ತಾಗಿ ಹೊಸ ಕಡತ ಹಾಕಿದರೆ ಅಲ್ಲಿಂದ ಮುಂದಿನ ಪಠ್ಯವೆಲ್ಲ ಒಂದೊಂದು ಪುಟ ಸರಿದು ಬೇರೆ ಚಿತ್ರದ ಎದುರು ನಿಲ್ಲುತ್ತದೆ. ಹಕ್ಕು ಇರುವ ಪುಟವನ್ನು ಕೀಳದೆ ಬಿಳಿ ಮಾಡಿ ಎಂದದ್ದೂ ಇದಕ್ಕೇ: ಮುಂದೆ ಹಕ್ಕು ಮುಗಿದಾಗ ಅದೇ ಜಾಗಕ್ಕೆ ಮೂಲಪುಟ ಕೂರುತ್ತದೆ.

ಫೋಟೊಗಳನ್ನು ಸ್ಕ್ಯಾನ್‌ಟೇಲರ್ ಎಂಬ ಉಚಿತ ತಂತ್ರಾಂಶಕ್ಕೆ ಕೊಡಿ. ಪುಟ ಸೀಳುವುದು, ಸೊಟ್ಟ ಸರಿಮಾಡುವುದು, ಅಂಚು ಕತ್ತರಿಸುವುದು ಎಲ್ಲ ಅದು ಮಾಡುತ್ತದೆ. ಕೊನೆಯ ಹಂತದಲ್ಲಿ ಅಚ್ಚ ಕಪ್ಪುಬಿಳುಪು ಬೇಡ, ಬೂದು ಇರಲಿ. ಮೊಳೆಯಚ್ಚಿನ ಹಳೆಯ ಪುಸ್ತಕದಲ್ಲಿ ಒತ್ತಕ್ಷರದ ತೆಳು ಗೆರೆಗಳು ಕಪ್ಪುಬಿಳುಪಿನಲ್ಲಿ ತುಂಡಾಗುತ್ತವೆ, ಹಿಂಬದಿಯ ಮಸಿ ಈಚೆಗೆ ಕಂಡದ್ದು ಅಕ್ಷರವಾಗುತ್ತದೆ.

ಏರಿಸುವುದು

ಪಿಡಿಎಫ್ ಮಾಡಿ ಮೊದಲು ಇಂಟರ್ನೆಟ್ ಆರ್ಕೈವ್‌ಗೆ, ಅಲ್ಲಿಂದ ಐಎ ಅಪ್‌ಲೋಡ್ ಎಂಬ ಉಪಕರಣದಿಂದ ಕಾಮನ್ಸ್‌ಗೆ. ಆರ್ಕೈವ್‌ನಲ್ಲಿ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಎರಡರಲ್ಲೂ ಹುಡುಕುವವರಿದ್ದಾರೆ. ಭಾಷೆಯ ಜಾಗದಲ್ಲಿ ಕನ್ನಡ ಎಂದು ಆರಿಸುವುದನ್ನು ಮರೆತರೆ ಯಂತ್ರ ಇಂಗ್ಲಿಷ್ ಎಂದುಕೊಂಡು ಓದಿ ಅರ್ಥವಿಲ್ಲದ ಅಕ್ಷರರಾಶಿ ಕೊಡುತ್ತದೆ. ವರ್ಷದ ಜಾಗದಲ್ಲಿ ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷ. ಮೊದಲ ಮುದ್ರಣದ್ದು ವಿವರಣೆಯಲ್ಲಿ. ಕಾಮನ್ಸ್‌ನಲ್ಲಿ ಲೇಖಕರ ನಿಧನದ ವರ್ಷ, ಭಾರತದ ಮತ್ತು ಅಮೆರಿಕದ ಎರಡೂ ಹಕ್ಕುಪಟ್ಟಿ (ಹಕ್ಕಿನ ಸ್ಥಿತಿ ಹೇಳುವ ಟೆಂಪ್ಲೇಟು) ಹಾಕಿ. ಹಾಳೆಯಲ್ಲಿ ಬರೆದಿಟ್ಟುಕೊಂಡದ್ದು ಈಗ ಕೆಲಸಕ್ಕೆ ಬಂತು.

ಪ್ರಕಾಶಕರ ಬಳಿ ಡಿಟಿಪಿ ಕಡತವೇ ಇದ್ದರೆ ಕೆಲಸ ಅರ್ಧವಾಗುತ್ತದೆ ಎನಿಸುತ್ತದೆ. ಅಷ್ಟು ಸಲೀಸಲ್ಲ. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಕಾಲದ ಕಡತಗಳಲ್ಲಿರುವುದು ಯೂನಿಕೋಡ್ ಕನ್ನಡವಲ್ಲ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಸಂಕೇತದ್ದಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಮುಖವಾಡ. 'ನುಡಿ' ತಂತ್ರಾಂಶದ ಸಂಕೇತವೇ ಬೇರೆ, 'ಶ್ರೀಲಿಪಿ'ಯದೇ ಬೇರೆ. ಯಾವ ಫಾಂಟ್ ಎಂದು ಮೊದಲು ತಿಳಿದುಕೊಂಡು ಅದಕ್ಕೆ ತಕ್ಕ ಪರಿವರ್ತಕ ಬಳಸಿ. ನಡುನಡುವೆ ಇರುವ ಇಂಗ್ಲಿಷ್ ಪದಗಳೂ ಕನ್ನಡವಾಗಲು ಹೋಗಿ ಕಲಸುಮೇಲೋಗರ ಆಗಿರುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು.

ಕರಡು: ನಿಜವಾದ ಶ್ರಮ ಇಲ್ಲಿದೆ

ಕನ್ನಡ ವಿಕಿಸೋರ್ಸ್‌ನಲ್ಲಿ 'ಪರಿವಿಡಿ' ಪುಟ ಮಾಡಿ, ಕಡತದ ಎಷ್ಟನೇ ಚಿತ್ರದಿಂದ ಅಚ್ಚಿನ 1ನೇ ಪುಟ ಶುರು ಎಂದು ನಮೂದಿಸಿ. ಪುಟ ತೆರೆದರೆ ಒಂದು ಬದಿ ಚಿತ್ರ, ಇನ್ನೊಂದು ಬದಿ ಪಠ್ಯದ ಚೌಕ. ಪಠ್ಯ ತೆಗೆಯುವ ಗುಂಡಿಯಲ್ಲಿ ಟೆಸೆರಾಕ್ಟ್, ಗೂಗಲ್ ಎರಡೂ ಯಂತ್ರಗಳ ಆಯ್ಕೆ ಇದೆ. ಎರಡರಲ್ಲೂ ಒಂದೇ ಪುಟ ಓದಿಸಿ, ಕಡಿಮೆ ತಪ್ಪಿನದನ್ನು ಇಡೀ ಪುಸ್ತಕಕ್ಕೆ ಹಿಡಿಯಿರಿ.

ಯಂತ್ರದ ತಪ್ಪುಗಳಿಗೂ ಒಂದು ಜಾಡಿದೆ. ಅರ್ಕಾವೊತ್ತು ಮೊದಲನೆಯದು: ಅಚ್ಚಿನಲ್ಲಿ 'ಕರ್ಣ' ಎಂದು ಕಾಣುವ ಪದದ ಕೊನೆಯ ಕೊಕ್ಕೆಯನ್ನು ಕನ್ನಡದ ಒಂಬತ್ತು ಎಂದು ಓದಿ 'ಕಣ೯' ಎಂದು ಬರೆಯುತ್ತದೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದಾಗ ಕರ್ಣ ಸಿಗುವುದಿಲ್ಲ. ಅನುಸ್ವಾರದ ಬದಲು ಅಂಕಿಯ ಸೊನ್ನೆ ಬರುವುದು ಇನ್ನೂ ಮೋಸ: 'ಬಂತು', 'ಬ೦ತು' ಎರಡನ್ನೂ ಬರಿಗಣ್ಣಿನಲ್ಲಿ ಬೇರೆ ಮಾಡುವುದು ಕಷ್ಟ. ಈ ಎರಡನ್ನು ಕಣ್ಣಿಗೆ ಬಿಡಬೇಡಿ. ಪಠ್ಯವನ್ನು ಯಾವುದಾದರೂ ಎಡಿಟರ್‌ಗೆ ಹಾಕಿ ೯ ಮತ್ತು ೦ ಹುಡುಕಿಸಿ, ಪುಟದಲ್ಲಿ ನಿಜವಾದ ಅಂಕಿ ಇರುವ ಕಡೆ ಬಿಟ್ಟು ಉಳಿದೆಡೆ ಬದಲಿಸಿ. 'ಎಲ್ಲವನ್ನೂ ಬದಲಿಸು' ಒತ್ತಿದರೆ ಪದ್ಯಸಂಖ್ಯೆಗಳು, ಇಸವಿಗಳು ಹಾಳು.

ಉಳಿದವಕ್ಕೆ ಕಣ್ಣೇ ಗತಿ: ಪ ಮತ್ತು ಷ, ಘ ಮತ್ತು ಫ, ಥ ಮತ್ತು ಧ, ಬ ಮತ್ತು ಒ. 'ಮ' ಮತ್ತು 'ವು' ಎರಡೂ ಒಂದರಂತೆ ಒಂದು ಕಾಣುವುದರಿಂದ 'ಮರ' 'ವುರ' ಆಗಿರುತ್ತದೆ. ಹಳಗನ್ನಡದ ಱ, ೞ ಅಕ್ಷರಗಳ ವಿಷಯದಲ್ಲಿ ಯಂತ್ರವನ್ನು ನಂಬುವಂತೆಯೇ ಇಲ್ಲ, ಅಂಥ ಕಾವ್ಯವನ್ನು ಅಕ್ಷರ ಅಕ್ಷರ ನೋಡಬೇಕು. ಸಾಲಿನ ಕೊನೆಯಲ್ಲಿ ಪದ ಮುರಿದಾಗ ಕೆಲವು ಹಳೆಯ ಮುದ್ರಣಗಳಲ್ಲಿ ಅಡ್ಡಗೆರೆಯೂ ಇರದು, 'ಮಾಡಿ ದನು' ಎಂದು ಒಡೆದೇ ಬರುತ್ತದೆ. ಕೂಡಿಸಿ.

ಆದರೆ ಮುದ್ರಣದಲ್ಲಿ ಇದ್ದದ್ದನ್ನು ಇದ್ದಂತೆಯೇ ಬಿಡುವ ಶಿಸ್ತು ಎಲ್ಲಕ್ಕಿಂತ ಕಷ್ಟದ್ದು. ಧಾರವಾಡದ ಕಡೆಯ ಹಳೆಯ ಗದ್ಯದಲ್ಲಿ 'ಮಾಡುವದು', 'ಬರುವದಿಲ್ಲ' ಎಂದೇ ಇರುತ್ತದೆ. ಅದು ತಪ್ಪಲ್ಲ, ಆ ಕಾಲದ, ಆ ಸೀಮೆಯ ಬರವಣಿಗೆ. ಶಾಲೆಯ ಮೇಷ್ಟರ ಕೈ ತಡೆದುಕೊಳ್ಳಬೇಕು. ಅಚ್ಚಿನ ದೋಷ ಎಂದು ಖಚಿತವಾದರೂ ಮೂಲವನ್ನು ಅಳಿಸದೆ, ತಪ್ಪು-ಸರಿ ಎರಡನ್ನೂ ತೋರಿಸುವ ಟೆಂಪ್ಲೇಟಿನಲ್ಲಿ ಹಾಕಿ.

ಕಣ್ಣಿಗೆ ಕಾಣದ ಅಕ್ಷರಗಳಲ್ಲೂ ಎಚ್ಚರ ಬೇಕು. 'ರಾಜ್‌ಕುಮಾರ್' ಎಂದು ಜ ಕೆಳಗೆ ಕ ಒತ್ತಾಗದೆ ನಿಲ್ಲಲು ನಡುವೆ ಕಾಣದ ಒಂದು ಅಕ್ಷರ ಬೇಕು; ಅದು ಬಿಟ್ಟುಹೋದರೆ 'ರಾಜ್ಕುಮಾರ್'. 'ರ‍್ಯಾಂಕ್' ಎಂಬಲ್ಲಿ ಇನ್ನೊಂದು ಬಗೆಯ ಕಾಣದ ಅಕ್ಷರ, ಇಲ್ಲವಾದರೆ 'ರ್ಯಾಂಕ್'. ಬೇರೆ ಕಡೆಯಿಂದ ಕಾಪಿ ಮಾಡಿ ತಂದ ಪಠ್ಯದಲ್ಲಿ ಇವು ಬೇಡದ ಜಾಗದಲ್ಲೂ ನುಸುಳಿರುತ್ತವೆ.

ತಿದ್ದಿ ಮುಗಿದ ಪುಟಕ್ಕೆ ಹಳದಿ ಗುರುತು. ಇನ್ನೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ಹಳದಿ ಕೊಟ್ಟವರೇ ಹಸಿರು ಕೊಡಲು ಬರುವುದಿಲ್ಲ. ಹಾಗಾಗಿ ಶುರುವಿನಲ್ಲೇ ಜೊತೆಗೊಬ್ಬರನ್ನು ಹಿಡಿದುಕೊಳ್ಳಿ. ಅಚ್ಚು ಚೆನ್ನಾಗಿದ್ದರೆ ಒಂದು ಪುಟಕ್ಕೆ 12 ನಿಮಿಷ ಎಂದು ಹಿಡಿದರೂ 200 ಪುಟಕ್ಕೆ 40 ಗಂಟೆ. ದಿನಕ್ಕೆ ಎರಡು ಪುಟ ಎಂದರೆ ಮೂರು ತಿಂಗಳ ಮೇಲೆ. ಎರಡನೇ ಓದಿಗೆ ಅದರ ಅರ್ಧದಷ್ಟು ಸಮಯ ಸಾಕು. ಯಾವ ಪುಟದಲ್ಲಾದರೂ ಅಕ್ಷರ ಮಸುಕಾಗಿ ಓದಲಾಗದಿದ್ದರೆ ಊಹಿಸಿ ತುಂಬಬೇಡಿ. ಆ ಪುಟಕ್ಕೆ ಸಮಸ್ಯೆಯ ಗುರುತು ಹಾಕಿ ಇನ್ನೊಂದು ಪ್ರತಿ ಸಿಗುವವರೆಗೆ ಬಿಡಿ.

ಪುಟಗಳನ್ನು ಅಧ್ಯಾಯವಾರು ಜೋಡಿಸಿದ ಮೇಲೆ ಇ-ಪಬ್ (ಇ-ಪುಸ್ತಕ) ಕಡತವಾಗಿ ಇಳಿಸಿಕೊಂಡು ಒಂದು ಹಳೆಯ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ತೆರೆಯಿರಿ. ಒತ್ತಕ್ಷರಗಳು ಚೌಕವಾಗಿ ಕಂಡರೆ ಇಳಿಸುವಾಗ ಕನ್ನಡವಿರುವ ಬೇರೆ ಫಾಂಟ್ ಆರಿಸಿ. ಪದ್ಯದ ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಗದ್ಯವಾಗಿದ್ದರೆ ತಪ್ಪಿರುವುದು ಪುಟದ ಪಠ್ಯದಲ್ಲಿ, ಅಲ್ಲಿಗೇ ಹೋಗಿ ಪದ್ಯದ ಗುರುತು ಹಾಕಿ ಮತ್ತೊಮ್ಮೆ ಇಳಿಸಿ ನೋಡಿ.